ಆಕಾರ, ಒಪ್ಪಂದ, ಅಳತೆ: ಕಂಪ್ಯೂಟರ್ ಮೆಮೊರಿಯ ಪದಗಳನ್ನು ಓದುವ ಬಗೆ

ಲ್ಯಾಪ್‌ಟಾಪಿನ ಮೆಮೊರಿ ಮಾಡ್ಯೂಲೊಂದರ ಮೇಲೆ ಅಂಟಿಸಿರುವ ಲೇಬಲ್ಲಿನಿಂದ ಮಾತು ಆರಂಭಿಸುತ್ತೇನೆ. ಅದರಲ್ಲಿ ‘16ಜಿಬಿ 2ಆರ್‌ಎಕ್ಸ್8 ಪಿಸಿ4-3200ಎಎ-ಎಸ್’ ಎಂಬ ಒಂದು ಸಾಲು ಇರುತ್ತದೆ. ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲ ಅಂಕಿಯನ್ನಷ್ಟೇ ಓದುತ್ತಾರೆ. ಸ್ವಲ್ಪ ತಿಳಿದವರು 3200 ಎಂಬುದನ್ನೂ ಗಮನಿಸಿ, ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆಂದು ಭಾವಿಸುತ್ತಾರೆ. ಉಳಿದದ್ದು ಕಾರ್ಖಾನೆಯವರ ಗುರುತಿರಬಹುದೆಂದು ಬಿಟ್ಟುಬಿಡುವುದೇ ರೂಢಿ. ಆದರೆ ಸಾಮರ್ಥ್ಯ ಎಷ್ಟು, ಒಳಗೆ ಎಷ್ಟು ಚಿಪ್‌ಗಳಿವೆ, ಅವುಗಳನ್ನು ಹೇಗೆ ಜೋಡಿಸಲಾಗಿದೆ, ಯಾವ ಪೀಳಿಗೆಯದು, ಎಷ್ಟು ವೇಗ, ಕೇಳಿದ ಮಾಹಿತಿ ಬರಲು ಎಷ್ಟು ಹೊತ್ತು, ಯಾವ ಸ್ಲಾಟಿನಲ್ಲಿ ಕೂರುತ್ತದೆ ಎಂಬ ಇಷ್ಟೂ ಸಂಗತಿಗಳು ಆ ಒಂದು ಸಾಲಿನಲ್ಲಿವೆ.

ಈ ಕ್ಷೇತ್ರದ ಪದಗಳು ಗೊಂದಲ ಹುಟ್ಟಿಸುವುದಕ್ಕೆ ಒಂದು ಮುಖ್ಯ ಕಾರಣವಿದೆ. ಮೂರು ಬೇರೆ ಬೇರೆ ಜಾತಿಯ ಹೆಸರುಗಳನ್ನು ನಾವು ಒಂದೇ ಸಾಲಿನಲ್ಲಿ ನಿಲ್ಲಿಸಿ ಬಳಸುತ್ತೇವೆ. ಕೆಲವು ಹೆಸರುಗಳು ಆಕಾರವನ್ನು ಹೇಳುತ್ತವೆ: ಹಲಗೆ ಎಷ್ಟು ಉದ್ದ, ಎಷ್ಟು ಪಿನ್, ಕಚ್ಚು ಎಲ್ಲಿದೆ. ಕೆಲವು ಹೆಸರುಗಳು ಒಪ್ಪಂದವನ್ನು ಹೇಳುತ್ತವೆ: ಎರಡು ಚಿಪ್‌ಗಳು ಯಾವ ಸಂಕೇತ ಬಂದಾಗ ಏನು ಮಾಡಬೇಕೆಂದು ಮೊದಲೇ ಮಾಡಿಕೊಂಡ ನಿಯಮ. ಇನ್ನು ಕೆಲವು ಬರಿಯ ಅಳತೆಗಳು. ಡಿಮ್ ಎಂಬುದು ಆಕಾರ, ಡಿಡಿಆರ್4 ಎಂಬುದು ಒಪ್ಪಂದ, 3200 ಎಂಬುದು ಅಳತೆ. ಒಂದು ಜಾತಿಯ ಹೆಸರನ್ನು ಇನ್ನೊಂದು ಜಾತಿಯದೆಂದು ತಿಳಿದಾಗಲೇ ‘ಸ್ಲಾಟಿನಲ್ಲಿ ಸರಿಯಾಗಿ ಕೂತಿದೆ, ಆದರೂ ಕೆಲಸ ಮಾಡುತ್ತಿಲ್ಲ’ ಎಂಬ ದೂರು ಹುಟ್ಟುವುದು.

ಮೊದಲು ‘ಮೆಮೊರಿ’ ಎಂಬ ಪದದ ವ್ಯಾಪ್ತಿಯನ್ನೇ ನೋಡೋಣ. ಫೋನಿನ ಜಾಹೀರಾತಿನಲ್ಲಿ ‘8ಜಿಬಿ + 128ಜಿಬಿ’ ಎಂದಿರುತ್ತದೆ. ಎರಡನ್ನೂ ಮೆಮೊರಿ ಎಂದೇ ಕರೆಯುತ್ತಾರೆ. ಇವುಗಳ ವ್ಯತ್ಯಾಸವನ್ನು ವಿವರಿಸಲು ಮೇಜು ಮತ್ತು ಕಪಾಟಿನ ಹೋಲಿಕೆಯನ್ನು ಕೊಡುವ ವಾಡಿಕೆಯಿದೆ: ಮೇಜಿನ ಮೇಲಿರುವುದು ರ‍್ಯಾಮ್, ಕಪಾಟಿನಲ್ಲಿರುವುದು ಸ್ಟೋರೇಜ್. ಈ ಹೋಲಿಕೆ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಕಪಾಟಿನ ಮುಂದೆ ನಿಂತುಕೊಂಡೇ ಪುಸ್ತಕ ಓದಬಹುದು, ತುಸು ಅನನುಕೂಲ ಅಷ್ಟೇ. ಪ್ರೊಸೆಸರಿಗೆ ಆ ಸ್ವಾತಂತ್ರ್ಯವಿಲ್ಲ. ಅದು ಓದಬಲ್ಲದ್ದು ತನಗೆ ವಿಳಾಸ ಗೊತ್ತಿರುವ ಜಾಗವನ್ನು ಮಾತ್ರ. ಎಸ್‌ಎಸ್‌ಡಿಯಲ್ಲಿರುವ ಕಡತದ ಒಂದು ಬೈಟ್ ಬೇಕಾದರೂ ಆ ಬೈಟ್ ಇರುವ ಇಡೀ ತುಂಡನ್ನು ಮೊದಲು ರ‍್ಯಾಮಿಗೆ ತರಿಸಿಕೊಂಡು, ಅಲ್ಲಿ ಅದಕ್ಕೊಂದು ವಿಳಾಸ ಸಿಕ್ಕ ಮೇಲೆಯೇ ಓದಬೇಕು. ಹೀಗಾಗಿ ವಿಳಾಸವೇ ಇಲ್ಲಿ ನಿರ್ಣಾಯಕ. ಈ ಮಾತು ಮುಂದೆ ವಿಸ್ತರಣಾ ಕಾರ್ಡುಗಳ ಬಗ್ಗೆ ಹೇಳುವಾಗ ಮತ್ತೆ ಬೇಕಾಗುತ್ತದೆ.

ರ‍್ಯಾಮ್ ಮತ್ತು ರಾಮ್ (ಓದಲಷ್ಟೇ ಬರುವ, ಬರೆಯಲಾಗದ ಮೆಮೊರಿ) ಎಂಬ ಜೋಡಿಯನ್ನು ಪಠ್ಯಪುಸ್ತಕಗಳು ಪರಸ್ಪರ ವಿರುದ್ಧ ಪದಗಳಂತೆ ಕಲಿಸುತ್ತವೆ. ಹಾಗಲ್ಲ. ಯಾವ ವಿಳಾಸವನ್ನಾದರೂ ನೇರವಾಗಿ, ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ತಲುಪಬಹುದು ಎಂಬುದಷ್ಟೇ ರ‍್ಯಾಮ್ ಎಂಬ ಹೆಸರಿನ ಮೂಲ ಅರ್ಥ. ಟೇಪಿನಲ್ಲಿ ಮೊದಲಿನದನ್ನು ದಾಟದೆ ನಂತರದ್ದು ಸಿಗದಿದ್ದ ಕಾಲದಲ್ಲಿ ಅದಕ್ಕೆ ಎದುರಾಗಿ ಬಂದ ಹೆಸರಿದು. ಆ ಅರ್ಥದಲ್ಲಿ ರಾಮ್ ಚಿಪ್ಪಿನಲ್ಲಿಯೂ ಯಾವ ವಿಳಾಸವನ್ನಾದರೂ ನೇರವಾಗಿ ತಲುಪಬಹುದು. ವಿದ್ಯುತ್ ನಿಂತರೆ ಅಳಿಸಿಹೋಗುವುದು ಇಂದಿನ ರ‍್ಯಾಮಿನ ಗುಣವೇ ಹೊರತು ಹೆಸರಿನಲ್ಲಿ ಅಡಕವಾದದ್ದಲ್ಲ. 1950ರ ದಶಕದಿಂದ ಸುಮಾರು ಎರಡು ದಶಕ ಬಳಕೆಯಲ್ಲಿದ್ದ ಕೋರ್ ಮೆಮೊರಿಯಲ್ಲಿ ಸಣ್ಣ ಸಣ್ಣ ಕಾಂತೀಯ ಉಂಗುರಗಳು ಒಂದೊಂದು ಬಿಟ್ಟನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ವಿದ್ಯುತ್ ಹೋದರೂ ಅವುಗಳಲ್ಲಿದ್ದದ್ದು ಅಳಿಯುತ್ತಿರಲಿಲ್ಲ. ಪ್ರೋಗ್ರಾಮು ಕುಸಿದಾಗ ಬರೆಯಲಾಗುವ ಕಡತವನ್ನು ಇಂದಿಗೂ ‘ಕೋರ್ ಡಂಪ್’ ಎನ್ನುವುದು ಆ ಉಂಗುರಗಳ ನೆನಪಿನಿಂದಲೇ.

ಇಂದಿನ ರ‍್ಯಾಮಿನ ಕೋಶದ ರಚನೆ ಬಹಳ ಸರಳ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ದೊರೆತ ಈ ವಿನ್ಯಾಸದಲ್ಲಿ ಒಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸಾಕು. ಕೆಪಾಸಿಟರಿನಲ್ಲಿ ವಿದ್ಯುದಾವೇಶ ಇದ್ದರೆ 1, ಇಲ್ಲದಿದ್ದರೆ 0. ಟ್ರಾನ್ಸಿಸ್ಟರ್ ಅದರ ಬಾಗಿಲು. ಇದೇ ಡಿರ‍್ಯಾಮ್. 1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಎಂಬ ಚಿಪ್ಪಿನಲ್ಲಿ 1024 ಬಿಟ್‌ಗಳಿದ್ದವು, ಮತ್ತು ಕೋರ್ ಮೆಮೊರಿಯನ್ನು ಹಿಂದೆ ಸರಿಸಿದ್ದು ಆ ಸಾಲಿನ ಚಿಪ್‌ಗಳೇ. ಡಿರ‍್ಯಾಮಿನ ‘ಡಿ’, ಅಂದರೆ ಡೈನಾಮಿಕ್ ಎಂಬುದು, ಕೇಳಲು ಹೊಗಳಿಕೆಯಂತಿದ್ದರೂ ವಾಸ್ತವದಲ್ಲಿ ಒಂದು ದೌರ್ಬಲ್ಯದ ಹೆಸರು. ಆ ಪುಟ್ಟ ಕೆಪಾಸಿಟರಿನ ಆವೇಶ ಸದಾ ಸೋರುತ್ತಿರುತ್ತದೆ. ಆದ್ದರಿಂದ ಪ್ರತಿ ಕೋಶವನ್ನೂ ಓದಿ ಮತ್ತೆ ಬರೆಯುತ್ತಲೇ ಇರಬೇಕು. ಇದಕ್ಕೆ ರಿಫ್ರೆಶ್ ಎನ್ನುತ್ತಾರೆ. ಡಿಡಿಆರ್4ರಲ್ಲಿ ಸಾಮಾನ್ಯ ಉಷ್ಣತೆಯಲ್ಲಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೋಶಗಳೂ ರಿಫ್ರೆಶ್ ಆಗಬೇಕು, ಅದಕ್ಕಾಗಿ ಸರಾಸರಿ 7.8 ಮೈಕ್ರೊಸೆಕೆಂಡಿಗೊಮ್ಮೆ ಒಂದು ರಿಫ್ರೆಶ್ ಆಜ್ಞೆ ಹೋಗುತ್ತದೆ. ಚಿಪ್ 85 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾದರೆ ಸೋರುವಿಕೆ ಹೆಚ್ಚುವುದರಿಂದ ಈ ಆಜ್ಞೆ ಎರಡುಪಟ್ಟು ಬಾರಿ ಹೋಗಬೇಕಾಗುತ್ತದೆ.

ಇದಕ್ಕೆ ಹೋಲಿಸಿದರೆ ಎಸ್‌ರ‍್ಯಾಮ್ ಸೋರುವುದಿಲ್ಲ, ರಿಫ್ರೆಶ್ ಕೇಳುವುದಿಲ್ಲ, ಬಹಳ ವೇಗ. ಆದರೆ ಒಂದು ಬಿಟ್ಟಿಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್ ಬೇಕು. ಹಾಗಾಗಿ ಅದನ್ನು ಪ್ರೊಸೆಸರಿನ ಒಳಗಿನ, ಪದೇ ಪದೇ ಬೇಕಾಗುವ ದತ್ತಾಂಶವನ್ನು ಹತ್ತಿರ ಇಟ್ಟುಕೊಳ್ಳುವ ಕ್ಯಾಶ್‌ಗೆ ಮೀಸಲಿಡುತ್ತಾರೆ. ಇನ್ನು ಫ್ಲ್ಯಾಶ್: 1980ರ ದಶಕದಲ್ಲಿ ತೋಶಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕ ಅವರು ರೂಪಿಸಿದ್ದು. ವಿದ್ಯುತ್ ಇಲ್ಲದೆಯೂ ಆವೇಶವನ್ನು ವರ್ಷಗಟ್ಟಲೆ ಹಿಡಿದಿಡಬಲ್ಲದು, ಆದರೆ ಅಳಿಸುವಾಗ ಒಂದು ದೊಡ್ಡ ಬ್ಲಾಕನ್ನು ಒಟ್ಟಿಗೇ ಅಳಿಸಬೇಕು, ಮತ್ತು ಅಳಿಸಿ ಬರೆಯುವ ಸರತಿಗೆ ಮಿತಿಯಿದೆ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಎಸ್‌ಎಸ್‌ಡಿ ಮೂರರ ಒಳಗೂ ಇರುವುದು ಇದೇ.

ಈಗ ಲೇಬಲ್ಲಿಗೆ ಬರೋಣ. ‘2ಆರ್‌ಎಕ್ಸ್8’ ಎಂಬ ಗುರುತನ್ನು ಬಿಡಿಸಿದರೆ ಮಾಡ್ಯೂಲಿನ ಒಳಾಂಗಣವೇ ಕಣ್ಣಿಗೆ ಬರುತ್ತದೆ. ಕೊನೆಯ 8 ಎಂದರೆ ಪ್ರತಿ ಚಿಪ್ ಒಂದು ಸಲಕ್ಕೆ 8 ಬಿಟ್ ಕೊಡುತ್ತದೆ ಎಂದರ್ಥ. ಡಿಡಿಆರ್4 ಮಾಡ್ಯೂಲಿನ ದತ್ತಾಂಶ ದಾರಿಯ ಅಗಲ 64 ಬಿಟ್. ಆ ಅಗಲವನ್ನು ತುಂಬಲು ಅಂಥ ಎಂಟು ಚಿಪ್‌ಗಳು ಒಟ್ಟಿಗೆ ದನಿಗೂಡಿಸಬೇಕು. ಹೀಗೆ ಒಟ್ಟಿಗೆ ಉತ್ತರ ಕೊಡುವ ಎಂಟು ಚಿಪ್‌ಗಳ ಗುಂಪಿಗೆ ರ‍್ಯಾಂಕ್ ಎಂದು ಹೆಸರು. 2ಆರ್ ಎಂದರೆ ಅಂಥ ಎರಡು ರ‍್ಯಾಂಕ್‌ಗಳಿವೆ. ಅಂದರೆ ಒಟ್ಟು ಹದಿನಾರು ಚಿಪ್. ಹದಿನಾರು ಚಿಪ್‌ಗಳು ಸೇರಿ 16 ಗಿಗಾಬೈಟ್ ಆಗಬೇಕಾದರೆ ಪ್ರತಿ ಚಿಪ್ಪಿನಲ್ಲಿ 1 ಗಿಗಾಬೈಟ್, ಅಂದರೆ 8 ಗಿಗಾಬಿಟ್ ಇರಬೇಕು. ಚಿಪ್ ತಯಾರಕರು ಯಾವಾಗಲೂ ಗಿಗಾಬಿಟ್‌ನಲ್ಲಿ ಮಾತಾಡುತ್ತಾರೆ, ಮಾಡ್ಯೂಲ್ ಮಾರುವವರು ಗಿಗಾಬೈಟ್‌ನಲ್ಲಿ. ಎರಡರ ನಡುವೆ ಎಂಟರ ಅಂತರವಿದೆ.

ಆ 8 ಗಿಗಾಬಿಟ್‌ಗಳನ್ನು ಚಿಪ್ಪಿನ ಒಳಗೆ ಒಂದೇ ರಾಶಿಯಾಗಿ ಇಟ್ಟಿರುವುದಿಲ್ಲ. ಅಲ್ಲಿ 16 ಬ್ಯಾಂಕ್‌ಗಳು, ಪ್ರತಿ ಬ್ಯಾಂಕಿನಲ್ಲಿ 65,536 ಅಡ್ಡಸಾಲುಗಳು, ಪ್ರತಿ ಅಡ್ಡಸಾಲಿನಲ್ಲಿ 1,024 ಕಂಬಸಾಲುಗಳು, ಪ್ರತಿ ಕಂಬಸಾಲಿನಲ್ಲಿ 8 ಬಿಟ್. ಗುಣಿಸಿ ನೋಡಿದರೆ ಲೆಕ್ಕ ಸರಿಹೋಗುತ್ತದೆ. ಒಂದು ಬೈಟ್ ಓದಬೇಕಾದಾಗ ಮೊದಲು ಅದಿರುವ ಅಡ್ಡಸಾಲನ್ನು ಇಡಿಯಾಗಿ ‘ತೆರೆಯಬೇಕು’. ಸಾಲಿನ ಅಷ್ಟೂ ಕೆಪಾಸಿಟರುಗಳು ತಮ್ಮ ಆವೇಶವನ್ನು ಸೆನ್ಸ್ ಆಂಪ್ಲಿಫೈಯರುಗಳಿಗೆ ಬಿಟ್ಟುಕೊಟ್ಟು ತಾವು ಕಳೆದುಕೊಳ್ಳುತ್ತವೆ, ಆಂಪ್ಲಿಫೈಯರುಗಳು ಆ ದುರ್ಬಲ ಸಂಕೇತವನ್ನು ಗಟ್ಟಿಮಾಡಿ ಕೋಶಗಳಿಗೆ ಹಿಂದಿರುಗಿಸುತ್ತವೆ. ಡಿರ‍್ಯಾಮಿನಲ್ಲಿ ಓದುವುದೆಂದರೆ ಅಳಿಸಿ ಮತ್ತೆ ಬರೆಯುವುದೇ. ಸಾಲು ತೆರೆದ ಮೇಲೆ ಬೇಕಾದ ಕಂಬಸಾಲನ್ನು ಹೆಸರಿಸಿ ದತ್ತಾಂಶ ಪಡೆಯುವುದು, ಆಮೇಲೆ ಬೇರೆ ಸಾಲು ಬೇಕಾದರೆ ಇದನ್ನು ಮುಚ್ಚುವುದು. ಮಾಡ್ಯೂಲುಗಳ ವಿವರಪಟ್ಟಿಯಲ್ಲಿ ‘22-22-22’ ಎಂದು ಕಾಣುವ ಮೂರು ಅಂಕಿಗಳು ಈ ಹಂತಗಳಿಗೆ ಹಿಡಿಯುವ ಕ್ಲಾಕ್ ಆವರ್ತಗಳ ಲೆಕ್ಕ: ಮೊದಲನೆಯದು ಕಂಬಸಾಲು ಕೇಳಿದಾಗಿನಿಂದ ದತ್ತಾಂಶ ಬರುವವರೆಗಿನ ಸಿಎಲ್, ಎರಡನೆಯದು ಸಾಲು ತೆರೆದು ಕಂಬಸಾಲು ಕೇಳುವವರೆಗಿನದು, ಮೂರನೆಯದು ಸಾಲು ಮುಚ್ಚುವುದಕ್ಕೆ. ನಮ್ಮ ಲೇಬಲ್ಲಿನ ‘ಎಎ’ ಎಂಬ ಎರಡಕ್ಷರ ಹೇಳುತ್ತಿರುವುದು ಇದೇ 22-22-22 ಅನ್ನು.

ಇನ್ನು 3200. ಇದನ್ನು ಮೆಗಾಹರ್ಟ್ಸ್ ಎಂದು ಬರೆಯುವ ರೂಢಿ ಎಷ್ಟು ಗಟ್ಟಿಯಾಗಿದೆಯೆಂದರೆ ತಯಾರಕರ ಪೆಟ್ಟಿಗೆಗಳ ಮೇಲೂ ಹಾಗೆಯೇ ಇರುತ್ತದೆ. ಅದು ಸರಿಯಲ್ಲ. ಡಿಡಿಆರ್ ಒಪ್ಪಂದದ ಪ್ರಕಾರ ಕ್ಲಾಕಿನ ಏರುವ ಅಂಚಿನಲ್ಲೊಮ್ಮೆ, ಇಳಿಯುವ ಅಂಚಿನಲ್ಲೊಮ್ಮೆ ದತ್ತಾಂಶ ಸಾಗುತ್ತದೆ. ಕ್ಲಾಕ್ ಓಡುತ್ತಿರುವುದು 1600 ಮೆಗಾಹರ್ಟ್ಸ್‌ನಲ್ಲಿ. ಸೆಕೆಂಡಿಗೆ ನಡೆಯುವ ವರ್ಗಾವಣೆಗಳು 3200 ಮಿಲಿಯನ್. ಒಂದೊಂದು ವರ್ಗಾವಣೆಯಲ್ಲಿ 8 ಬೈಟ್ ಹೋಗುವುದರಿಂದ ಗರಿಷ್ಠ ಸಾಗಾಟ ಸೆಕೆಂಡಿಗೆ 25,600 ಮೆಗಾಬೈಟ್. ಇಲ್ಲೊಂದು ತೊಡಕಿದೆ. ಡಿಡಿಆರ್3 ಕಾಲದ ಲೇಬಲ್ಲಿನಲ್ಲಿ ‘ಪಿಸಿ3-12800’ ಎಂದಿದ್ದರೆ ಆ ಅಂಕಿ ಮೆಗಾಬೈಟ್ ಲೆಕ್ಕ; ಡಿಡಿಆರ್4 ಲೇಬಲ್ಲಿನ ‘ಪಿಸಿ4-3200’ ವರ್ಗಾವಣೆ ಲೆಕ್ಕ; ಆದರೆ ಅಂಗಡಿಯ ಪುಟಗಳಲ್ಲಿ ಅದೇ ಮಾಡ್ಯೂಲ್ ‘ಪಿಸಿ4-25600’ ಎಂದೂ ಕಾಣಿಸುತ್ತದೆ. ‘ಪಿಸಿ3-12800’ ಎಂಬುದು ‘ಪಿಸಿ4-3200’ಕ್ಕಿಂತ ನಾಲ್ಕುಪಟ್ಟು ವೇಗದ್ದೆಂದು ಯಾರಾದರೂ ತಿಳಿದರೆ ತಪ್ಪು ಅವರದ್ದೆನ್ನಲಾಗದು. ವಾಸ್ತವದಲ್ಲಿ ಅದು ಅರ್ಧ ವೇಗದ್ದು.

ವೇಗದ ಬಗ್ಗೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಜಾಹೀರಾತುಗಳು ಮುಚ್ಚಿಡುವ ಸಂಗತಿ ಇರುವುದು ಇಲ್ಲಿಯೇ. ಸಿಎಲ್ ಎಂಬುದು ಆವರ್ತಗಳ ಎಣಿಕೆ, ಅದು ಹೊತ್ತಲ್ಲ. ಹೊತ್ತು ಬೇಕಾದರೆ ಅದನ್ನು ಕ್ಲಾಕಿನಿಂದ ಭಾಗಿಸಬೇಕು. ಡಿಡಿಆರ್-400ರಲ್ಲಿ ಸಿಎಲ್ 3 ಇದ್ದಾಗ 200 ಮೆಗಾಹರ್ಟ್ಸ್ ಲೆಕ್ಕದಲ್ಲಿ 15 ನ್ಯಾನೊಸೆಕೆಂಡ್. ಡಿಡಿಆರ್3-1600ರಲ್ಲಿ ಸಿಎಲ್ 11 ಎಂದರೆ 13.75 ನ್ಯಾನೊಸೆಕೆಂಡ್. ಡಿಡಿಆರ್4-3200ರಲ್ಲಿ ಸಿಎಲ್ 22 ಎಂದರೆ ಅದೇ 13.75. ಡಿಡಿಆರ್5-4800ರಲ್ಲಿ ಸಿಎಲ್ 40 ಎಂದರೆ ಸುಮಾರು 16.7. ಸಾಗಾಟದ ಪ್ರಮಾಣ ಹನ್ನೆರಡು ಪಟ್ಟು ಏರಿದರೂ ಮೊದಲ ಬೈಟ್ ಕೈಗೆ ಬರಲು ಕಾಯುವ ಹೊತ್ತು ಕದಲಿಲ್ಲ. ಕಾರಣ ಕೋಶಜಾಲದಲ್ಲೇ ಇದೆ. ಡಿಡಿಆರ್-400, ಡಿಡಿಆರ್2-800, ಡಿಡಿಆರ್3-1600 ಮೂರರ ಒಳಗಿನ ಕೋಶಜಾಲವೂ ಓಡುವುದು 200 ಮೆಗಾಹರ್ಟ್ಸ್‌ನಲ್ಲಿಯೇ. ಒಂದು ಸಲಕ್ಕೆ ಒಳಗಿನಿಂದ ಎತ್ತಿಕೊಳ್ಳುವ ತುಂಡು ಮಾತ್ರ 2, 4, 8 ಎಂದು ಹಿಗ್ಗುತ್ತ ಬಂದಿದೆ. ಇದಕ್ಕೆ ಪ್ರಿಫೆಚ್ ಎಂಬ ಹೆಸರಿದೆ. ಪ್ರೊಸೆಸರಿನಲ್ಲಿ ಕ್ಯಾಶ್ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವುದಕ್ಕೆ ಈ ಕದಲದ ಹೊತ್ತೇ ದೊಡ್ಡ ಕಾರಣ. ಒಂದೇ ವೇಗದ ಎರಡು ಮಾಡ್ಯೂಲುಗಳ ನಡುವೆ ಆಯ್ಕೆ ಮಾಡುವಾಗ ಸಿಎಲ್ ಕಡಿಮೆ ಇರುವುದನ್ನು ಆರಿಸುವುದು ಸರಿ. ಬೇರೆ ಬೇರೆ ವೇಗದವುಗಳ ಸಿಎಲ್ ಅನ್ನು ಭಾಗಿಸದೆ ಹೋಲಿಸುವುದು ವ್ಯರ್ಥ.

ಕೊನೆಯ ‘ಎಸ್’ ಆಕಾರದ ಗುರುತು: ಸೋಡಿಮ್, ಅಂದರೆ ಲ್ಯಾಪ್‌ಟಾಪಿಗೆ ಹೊಂದುವ ಗಿಡ್ಡ ಹಲಗೆ. ಹಿಂದೆ ಸಿಮ್ ಎಂಬ ಹಲಗೆಗಳಿದ್ದವು. 30 ಪಿನ್ನಿನ ಸಿಮ್ ಒಂದು ಸಲಕ್ಕೆ 8 ಬಿಟ್ ಕೊಡುತ್ತಿದ್ದುದರಿಂದ 32 ಬಿಟ್ ದಾರಿಯ 486 ಪ್ರೊಸೆಸರಿನ ಯಂತ್ರದಲ್ಲಿ ಅವುಗಳನ್ನು ನಾಲ್ಕು ನಾಲ್ಕಾಗಿಯೇ ಹಾಕಬೇಕಿತ್ತು. 72 ಪಿನ್ನಿನದು 32 ಬಿಟ್ ಕೊಡುತ್ತಿತ್ತಾದರೂ ಪೆಂಟಿಯಂ ದಾರಿ 64 ಬಿಟ್ ಆದ್ದರಿಂದ ಜೋಡಿಯಾಗಿ ಹಾಕಬೇಕಾಯಿತು. ಎರಡೂ ಬದಿಯ ಪಿನ್‌ಗಳು ಬೇರೆ ಬೇರೆ ಸಂಕೇತ ಒಯ್ಯುವ, ತಾನೊಂದೇ 64 ಬಿಟ್ ಕೊಡುವ ಡಿಮ್ ಬಂದ ಮೇಲೆ ಈ ಲೆಕ್ಕಾಚಾರ ತಪ್ಪಿತು. ಇಂದು ಜೋಡಿಯಾಗಿ ಹಾಕಿರೆಂದು ಹೇಳುವುದು ಕಡ್ಡಾಯದಿಂದಲ್ಲ. ಎರಡು ಚಾನೆಲ್‌ಗಳು ಸಮಾನಾಂತರವಾಗಿ ಕೆಲಸ ಮಾಡಿ ಸಾಗಾಟ ಇಮ್ಮಡಿಯಾಗಲಿ ಎಂಬ ಕಾರಣಕ್ಕೆ.

ಡಿಡಿಆರ್2 ಮತ್ತು ಡಿಡಿಆರ್3 ಡಿಮ್‌ಗಳಿಗೆ ಪಿನ್ ಸಂಖ್ಯೆ ಒಂದೇ, 240. ಡಿಡಿಆರ್4 ಮತ್ತು ಡಿಡಿಆರ್5ಕ್ಕೂ ಒಂದೇ, 288. ಕಣ್ಣಳತೆಯಲ್ಲಿ ಹಲಗೆಗಳೂ ಒಂದೇ ಉದ್ದ. ಹಾಗಿದ್ದರೂ ಒಂದನ್ನು ಇನ್ನೊಂದರ ಸ್ಲಾಟಿನಲ್ಲಿ ಕೂರಿಸಲಾಗದಂತೆ ಕಚ್ಚನ್ನು ಬೇಕೆಂದೇ ಸ್ವಲ್ಪ ಸರಿಸಿ ಇಟ್ಟಿದ್ದಾರೆ, ಏಕೆಂದರೆ ಒಪ್ಪಂದವೂ ಬೇರೆ, ವೋಲ್ಟೇಜೂ ಬೇರೆ: ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1 ವೋಲ್ಟ್. ಕಚ್ಚು ಹೊಂದದಿದ್ದಾಗ ಹೆಬ್ಬೆರಳಿನಿಂದ ಒತ್ತಿ ಕೂರಿಸಲು ಹೊರಡುವವರು ಆ ಕಚ್ಚು ಇರುವುದೇ ತಮ್ಮನ್ನು ತಡೆಯಲಿಕ್ಕೆಂದು ತಿಳಿಯಬೇಕು.

ವೇಗ ಬೇರೆ ಬೇರೆಯಿರುವ ಎರಡು ಡಿಡಿಆರ್4 ಮಾಡ್ಯೂಲುಗಳನ್ನು ಒಟ್ಟಿಗೆ ಹಾಕಬಹುದೇ ಎಂಬ ಪ್ರಶ್ನೆಯೂ ಇದೆ. ಸಾಮಾನ್ಯವಾಗಿ ಹಾಕಬಹುದು, ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಇದು ಸಾಧ್ಯವಾಗುವುದು ಮಾಡ್ಯೂಲಿನ ಮೇಲಿರುವ ಎಸ್‌ಪಿಡಿ ಎಂಬ ಪುಟ್ಟ ಚಿಪ್ಪಿನಿಂದ. ಡಿಡಿಆರ್4ರಲ್ಲಿ ಅದರ ಸಾಮರ್ಥ್ಯ ಕೇವಲ 512 ಬೈಟ್. ನಾವು ಈವರೆಗೆ ಲೇಬಲ್ಲಿನಲ್ಲಿ ಓದಿದ ಸಂಗತಿಗಳೇ ಅದರಲ್ಲಿ ಯಂತ್ರ ಓದುವ ರೂಪದಲ್ಲಿರುತ್ತವೆ. ಕಂಪ್ಯೂಟರ್ ಆರಂಭವಾಗುವಾಗ ರ‍್ಯಾಮ್ ಇನ್ನೂ ಬಳಕೆಗೆ ಸಿದ್ಧವಾಗಿರದ ಹೊತ್ತಿನಲ್ಲಿ, ಯಂತ್ರವನ್ನು ಆರಂಭಿಸುವ ಪ್ರೋಗ್ರಾಮಾದ ಬಯೋಸ್ ಮೊದಲು ಇದನ್ನು ಓದಿ, ಎಲ್ಲ ಮಾಡ್ಯೂಲುಗಳೂ ಒಪ್ಪುವ ವೇಗವೊಂದನ್ನು ಆರಿಸಿಕೊಳ್ಳುತ್ತದೆ.

ಇಸಿಸಿ, ಅಂದರೆ ದೋಷ ತಿದ್ದುವ ಸಂಕೇತ, ಅದರ ಬಗ್ಗೆ ಒಂದು ಮಾತು. ಕೋಶವೊಂದರ ಬಿಟ್ ತಾನಾಗಿ ತಿರುಗಿದರೆ ಕಂಡುಹಿಡಿದು ಸರಿಪಡಿಸುವ ಸಂಕೇತವಿಧಾನವನ್ನು ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದರು. ಇಸಿಸಿ ಇರುವ ಡಿಡಿಆರ್4 ಮಾಡ್ಯೂಲಿನಲ್ಲಿ 64 ಬಿಟ್ಟಿನ ಬದಲು 72 ಬಿಟ್ ಇರುತ್ತದೆ; ಆದ್ದರಿಂದ ಎಂಟರ ಜಾಗದಲ್ಲಿ ಒಂಬತ್ತು ಚಿಪ್‌ಗಳನ್ನು ಎಣಿಸಬಹುದು. ಡಿಡಿಆರ್5 ಬಂದ ಮೇಲೆ ‘ಆನ್-ಡೈ ಇಸಿಸಿ’ ಎಂಬ ಪದ ಎಲ್ಲ ಮಾಡ್ಯೂಲುಗಳ ವಿವರಣೆಯಲ್ಲೂ ಕಾಣಿಸಿಕೊಂಡು, ಈಗ ಎಲ್ಲವೂ ಇಸಿಸಿ ಮೆಮೊರಿಯೇ ಎಂಬ ಭಾವನೆ ಹರಡಿದೆ. ಆನ್-ಡೈ ಇಸಿಸಿ ಚಿಪ್ಪಿನ ಒಳಗಿನ ದೋಷಗಳನ್ನು ಅಲ್ಲೇ ಸರಿಪಡಿಸಿಕೊಳ್ಳುವ ಏರ್ಪಾಡು. ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಕೆಡುವ ಬಿಟ್ಟಿಗೆ ಅದರಿಂದ ರಕ್ಷಣೆಯಿಲ್ಲ. ಸರ್ವರ್‌ಗಳಿಗೆ ಬೇಕಾದ ಇಸಿಸಿ ಮಾಡ್ಯೂಲ್ ಇಂದಿಗೂ ಬೇರೆಯೇ.

ಸಾಮರ್ಥ್ಯದ ಅಳತೆಯ ತಕರಾರು ಹಳೆಯದು. ರ‍್ಯಾಮಿನ 16 ಗಿಗಾಬೈಟ್ ಎಂದರೆ ಎರಡರ ಘಾತದ ಲೆಕ್ಕ, 17,17,98,69,184 ಬೈಟ್. ಡಿಸ್ಕ್ ಮಾರುವವರ ಗಿಗಾಬೈಟ್ ಸರಿಯಾಗಿ ನೂರು ಕೋಟಿ ಬೈಟ್. ಒಂದು ಟೆರಾಬೈಟಿನ ಡಿಸ್ಕನ್ನು ವಿಂಡೋಸ್ 931 ಎಂದು ತೋರಿಸುವುದು ಇದರಿಂದಲೇ, ಏನೂ ಕಳುವಾಗಿಲ್ಲ. ಈ ಎರಡನ್ನು ಬೇರ್ಪಡಿಸಲು 1998ರಲ್ಲಿ ಐಇಸಿ ಸಂಸ್ಥೆ ಗಿಬಿಬೈಟ್ ಎಂಬ ಬೇರೆ ಹೆಸರನ್ನು ಕೊಟ್ಟಿತು. ರ‍್ಯಾಮ್ ಮಾರುವವರು ಅದನ್ನು ಬಳಸುವುದಿಲ್ಲ.

ಇನ್ನು ವಿಸ್ತರಣೆಯ ವಿಷಯ. 1981ರ ಐಬಿಎಂ ಪಿಸಿಯಲ್ಲಿ ಐದು ವಿಸ್ತರಣಾ ಸ್ಲಾಟ್‌ಗಳಿದ್ದವು. ಅದರ 8088 ಪ್ರೊಸೆಸರ್ 20 ಬಿಟ್ ವಿಳಾಸ ಬಳಸುತ್ತಿದ್ದುದರಿಂದ ಒಟ್ಟು 1 ಮೆಗಾಬೈಟ್ ವಿಳಾಸಗಳು ಸಿಗುತ್ತಿದ್ದವು. ಅವುಗಳಲ್ಲಿ 640 ಕಿಲೊಬೈಟ್ ರ‍್ಯಾಮಿಗೆ, ಉಳಿದ 384 ಕಿಲೊಬೈಟ್ ವಿಡಿಯೊ ಕಾರ್ಡು, ಬಯೋಸ್ ಮುಂತಾದವಕ್ಕೆ. ಇಲ್ಲಿ ಗಮನಿಸಬೇಕಾದದ್ದು ವಿಳಾಸ ಮತ್ತು ಮೆಮೊರಿ ಒಂದೇ ಅಲ್ಲವೆಂಬುದು. ಕಾರ್ಡುಗಳೂ ಪ್ರೊಸೆಸರಿನೊಡನೆ ಮಾತಾಡಲು ವಿಳಾಸ ಕೇಳುತ್ತವೆ, ಮತ್ತು ಒಂದು ವಿಳಾಸದಲ್ಲಿ ಇಬ್ಬರು ಇರುವಂತಿಲ್ಲ. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೊಸಾಫ್ಟ್ ಸೇರಿ ರೂಪಿಸಿದ ಇಎಂಎಸ್ ಎಂಬ ಒಪ್ಪಂದ ಈ ಇಕ್ಕಟ್ಟಿಗೆ ಕಂಡುಕೊಂಡ ಉಪಾಯ: ಸ್ಲಾಟಿನಲ್ಲಿ ಹಲವು ಮೆಗಾಬೈಟ್ ರ‍್ಯಾಮಿರುವ ಕಾರ್ಡನ್ನು ಕೂರಿಸಿ, ಮೇಲಿನ 384 ಕಿಲೊಬೈಟ್ ಪ್ರದೇಶದಲ್ಲಿ 64 ಕಿಲೊಬೈಟಿನ ಒಂದು ಕಿಟಕಿಯನ್ನು ತೆರೆದು, 16 ಕಿಲೊಬೈಟಿನ ನಾಲ್ಕು ಪುಟಗಳನ್ನು ಆ ಕಿಟಕಿಯಲ್ಲಿ ಬದಲಿಸುತ್ತ ಹೋಗುವುದು. ಇದಕ್ಕೆ ಎಕ್ಸ್‌ಪ್ಯಾಂಡೆಡ್ ಮೆಮೊರಿ ಎಂದು ಹೆಸರು. 286 ಮತ್ತು ನಂತರದ ಪ್ರೊಸೆಸರುಗಳು 1 ಮೆಗಾಬೈಟಿನ ಆಚೆಗೂ ನೇರವಾಗಿ ತಲುಪಬಲ್ಲವಾಗಿದ್ದು, ಆ ಭಾಗವನ್ನು ಎಕ್ಸ್‌ಟೆಂಡೆಡ್ ಮೆಮೊರಿ ಎಂದರು. ಇಷ್ಟು ಹತ್ತಿರದ ಎರಡು ಹೆಸರುಗಳನ್ನು ಇಷ್ಟು ದೂರದ ಎರಡು ಸಂಗತಿಗಳಿಗೆ ಇಟ್ಟವರನ್ನು ಕ್ಷಮಿಸುವುದು ಕಷ್ಟ.

ಅದೇ ಇಕ್ಕಟ್ಟು ಮುಂದೆ ಇನ್ನೊಂದು ಎತ್ತರದಲ್ಲಿ ಮರುಕಳಿಸಿತು. 32 ಬಿಟ್ ವಿಳಾಸಕ್ಕೆ 4 ಗಿಗಾಬೈಟ್ ಮಿತಿ. 4 ಗಿಗಾಬೈಟ್ ರ‍್ಯಾಮ್ ಹಾಕಿದರೂ 32 ಬಿಟ್ ವಿಂಡೋಸ್ ಮೂರು ಗಿಗಾಬೈಟ್ ಚಿಲ್ಲರೆ ಮಾತ್ರ ಬಳಸಬಲ್ಲದೆಂದು ತೋರಿಸುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಉಳಿದ ವಿಳಾಸಗಳು ಗ್ರಾಫಿಕ್ಸ್ ಕಾರ್ಡು ಮತ್ತಿತರ ಸಾಧನಗಳಿಗೆ ಹೋಗಿದ್ದವು. ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿಯನ್ನು ಪ್ರೊಸೆಸರ್ ನೋಡುವುದಕ್ಕೂ ಬಹುಕಾಲ ಸಾಮಾನ್ಯವಾಗಿ 256 ಮೆಗಾಬೈಟಿನ ಕಿಟಕಿಯೊಂದೇ ಇತ್ತು. ಈಚೆಗೆ ಬಯೋಸ್‌ನಲ್ಲಿ ಕಾಣುವ ‘ರಿಸೈಜಬಲ್ ಬಾರ್’ ಎಂಬ ಆಯ್ಕೆ ಆ ಕಿಟಕಿಯನ್ನು ಹಿಗ್ಗಿಸುವುದಕ್ಕೆ.

ಸ್ಲಾಟ್‌ಗಳ ಇತಿಹಾಸವನ್ನು ಚುಟುಕಾಗಿ ಹೇಳುವೆ. ಐಎಸ್‌ಎ ಎಂಬ ಹಳೆಯ ಸ್ಲಾಟ್‌ಗಳ ಕಾಲದಲ್ಲಿ ಪ್ರತಿ ಕಾರ್ಡಿನ ವಿಳಾಸವನ್ನೂ ಪ್ರೊಸೆಸರಿನ ಗಮನ ಸೆಳೆಯಲು ಅದು ಬಳಸುವ ಇಂಟರಪ್ಟ್ ಸಂಖ್ಯೆಯನ್ನೂ ಜಂಪರ್‌ಗಳಿಂದ ಕೈಯಾರೆ ಹೊಂದಿಸಬೇಕಿತ್ತು. 1992ರ ಪಿಸಿಐ ಒಪ್ಪಂದ ಆ ಹಂಚಿಕೆಯನ್ನು ಯಂತ್ರಕ್ಕೇ ಒಪ್ಪಿಸಿತು. 32 ಬಿಟ್, 33 ಮೆಗಾಹರ್ಟ್ಸ್, ಸೆಕೆಂಡಿಗೆ 133 ಮೆಗಾಬೈಟನ್ನು ಎಲ್ಲ ಕಾರ್ಡುಗಳೂ ಹಂಚಿಕೊಳ್ಳಬೇಕಿತ್ತು. 1997ರ ಎಜಿಪಿ ಗ್ರಾಫಿಕ್ಸಿಗಾಗಿಯೇ ಬಂದದ್ದು. 2003ರ ಪಿಸಿಐ ಎಕ್ಸ್‌ಪ್ರೆಸ್ ಹೆಸರಿನಲ್ಲಿ ಪಿಸಿಐ ಇದ್ದರೂ ವಿದ್ಯುತ್ ಮಟ್ಟದಲ್ಲಿ ಬೇರೆಯೇ ವಸ್ತು. ಇಲ್ಲಿ ಹಂಚಿಕೊಳ್ಳುವ ದಾರಿಯಿಲ್ಲ. ಪ್ರತಿ ಸಾಧನಕ್ಕೂ ತನ್ನದೇ ಲೇನ್‌ಗಳು. ಒಂದು ಲೇನ್ ಎಂದರೆ ಹೋಗಲು ಒಂದು ಜೋಡಿ ತಂತಿ, ಬರಲು ಒಂದು ಜೋಡಿ. ಮೊದಲ ಪೀಳಿಗೆಯಲ್ಲಿ ಲೇನಿಗೆ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ 250 ಮೆಗಾಬೈಟ್; ಮೂರನೆಯದರಲ್ಲಿ ಸುಮಾರು 985; ನಂತರ ಪ್ರತಿ ಪೀಳಿಗೆಯಲ್ಲೂ ಹೆಚ್ಚುಕಡಿಮೆ ಇಮ್ಮಡಿ.

ಎಕ್ಸ್16 ಎಂಬ ಗುರುತಿನಲ್ಲಿ ಆಕಾರ ಮತ್ತು ಅಳತೆ ಬೆರೆತುಹೋಗಿವೆ. ಸ್ಲಾಟಿನ ಉದ್ದ ಎಕ್ಸ್16 ಇದ್ದು ಒಳಗೆ ನಾಲ್ಕೇ ಲೇನ್‌ಗಳ ತಂತಿ ಎಳೆದಿರುವ ಮದರ್‌ಬೋರ್ಡುಗಳು ಸಾಮಾನ್ಯ. ಕಾರ್ಡ್ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ. ಆರಂಭದಲ್ಲಿ ಎರಡೂ ಕಡೆಯವು ಸಮಾಲೋಚಿಸಿ ಇಬ್ಬರಿಗೂ ಸಾಧ್ಯವಿರುವ ಲೇನ್ ಸಂಖ್ಯೆಗೆ, ಇಬ್ಬರಿಗೂ ಗೊತ್ತಿರುವ ಪೀಳಿಗೆಗೆ ಒಪ್ಪಿಕೊಳ್ಳುತ್ತವೆ. ಮದರ್‌ಬೋರ್ಡಿನ ಕೈಪಿಡಿಯಲ್ಲಿ ‘ಎಕ್ಸ್16 ಸ್ಲಾಟ್, ಎಕ್ಸ್4 ಮೋಡ್’ ಎಂದು ಬರೆದಿರುವುದರ ಅರ್ಥ ಇದು. ಕೊಳ್ಳುವ ಮುನ್ನ ಓದಬೇಕಾದ ಸಾಲು ಯಾವುದಾದರೂ ಇದ್ದರೆ ಇದೇ.

ಆಕಾರವನ್ನು ಒಪ್ಪಂದವೆಂದು ತಿಳಿಯುವ ತಪ್ಪು ಅತಿ ಹೆಚ್ಚು ನಡೆಯುವುದು ಎಂ.2 ವಿಷಯದಲ್ಲಿ. ಎಂ.2 ಬರಿಯ ಆಕಾರ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, ಅಷ್ಟೇ. ಆ ಆಕಾರದ ಹಲಗೆಯಲ್ಲಿ ಸಾಟಾ ಒಪ್ಪಂದದ ಎಸ್‌ಎಸ್‌ಡಿ ಇರಬಹುದು, ಅದರ ಮಿತಿ ಸೆಕೆಂಡಿಗೆ ಸುಮಾರು 600 ಮೆಗಾಬೈಟ್. ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳ ಮೇಲೆ ಎನ್‌ವಿಎಂಇ ಒಪ್ಪಂದದಲ್ಲಿ ಮಾತಾಡುವ ಎಸ್‌ಎಸ್‌ಡಿ ಇರಬಹುದು, ಮೂರನೆಯ ಪೀಳಿಗೆಯ ನಾಲ್ಕು ಲೇನ್‌ಗಳಲ್ಲೇ ಅದಕ್ಕೆ 3,900 ಮೆಗಾಬೈಟಿನಷ್ಟು ಅವಕಾಶ. ಅಥವಾ ಎಸ್‌ಎಸ್‌ಡಿಯೇ ಅಲ್ಲದ ವೈಫೈ ಕಾರ್ಡ್ ಇರಬಹುದು. ಅಂಚಿನ ಕಚ್ಚುಗಳಿಗೆ ಬಿ, ಎಂ, ಇ ಎಂಬ ಕೀ ಹೆಸರುಗಳಿವೆ, ಆದರೆ ಬಿ ಮತ್ತು ಎಂ ಎರಡೂ ಕಚ್ಚುಗಳಿರುವ ಹಲಗೆಗಳಿರುವುದರಿಂದ ಕಚ್ಚು ನೋಡಿ ಒಪ್ಪಂದವನ್ನು ಖಚಿತವಾಗಿ ಹೇಳಲಾಗದು. ಡಿಮ್ಮಿನ ಕಚ್ಚಿನಂತೆ ಇದು ಕಟ್ಟುನಿಟ್ಟಿನ ಕಾವಲುಗಾರನಲ್ಲ. ಯುಎಸ್‌ಬಿ-ಸಿ ಕತೆಯೂ ಇದೇ: 24 ಪಿನ್ನಿನ ಆ ಆಕಾರದ ಹಿಂದೆ ಹಳೆಯ ಯುಎಸ್‌ಬಿ 2.0 ಇರಬಹುದು, ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳನ್ನು ಹೊರಗೆ ತರುವ ಥಂಡರ್‌ಬೋಲ್ಟ್ 3 ಕೂಡ ಇರಬಹುದು.

ರ‍್ಯಾಮನ್ನು ಮತ್ತೆ ವಿಸ್ತರಣಾ ಸ್ಲಾಟಿಗೆ ಹಾಕುವ ಕಾಲ ಬರುತ್ತದೆಯೇ ಎಂಬುದು ಕೊನೆಯ ಪ್ರಶ್ನೆ. ಸರ್ವರ್‌ಗಳಲ್ಲಿ ಅದು ಆಗಲೇ ಬಂದಿದೆ. 2019ರಲ್ಲಿ ಮೊದಲ ಆವೃತ್ತಿ ಕಂಡ ಸಿಎಕ್ಸ್‌ಎಲ್ ಒಪ್ಪಂದ ಐದನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ತಂತಿಗಳನ್ನೇ ಬಳಸಿಕೊಂಡು, ಸ್ಲಾಟಿನ ಕಾರ್ಡಿನಲ್ಲಿರುವ ಡಿರ‍್ಯಾಮಿಗೆ ಪ್ರೊಸೆಸರ್ ನೇರವಾಗಿ ತಲುಪಬಲ್ಲ ವಿಳಾಸಗಳನ್ನು ಕೊಡುತ್ತದೆ. ಇಎಂಎಸ್ ಕಾಲದ ಕಿಟಕಿ ಇಲ್ಲಿ ಬೇಕಿಲ್ಲ, ಏಕೆಂದರೆ 64 ಬಿಟ್ ಪ್ರೊಸೆಸರುಗಳಲ್ಲಿ ವಿಳಾಸಗಳಿಗೆ ಬರವಿಲ್ಲ. ಮದರ್‌ಬೋರ್ಡಿನ ಡಿಮ್‌ಗಿಂತ ಕಾಯುವ ಹೊತ್ತು ಹೆಚ್ಚಾಗುತ್ತದೆ, ಎಸ್‌ಎಸ್‌ಡಿಗಿಂತ ಬಹಳ ಕಡಿಮೆಯಿರುತ್ತದೆ. ಲಿನಕ್ಸಿಗೆ ಇದು ಪ್ರೊಸೆಸರ್ ಇಲ್ಲದ, ಮೆಮೊರಿ ಮಾತ್ರ ಇರುವ ಒಂದು ನೂಮಾ ನೋಡ್ (ತಲುಪಲು ಬೇರೆಯೇ ಹೊತ್ತು ಹಿಡಿಯುವ ಮೆಮೊರಿಯ ಗುಂಪು) ಆಗಿ ಕಾಣುತ್ತದೆ, ಮತ್ತು ಪದೇ ಪದೇ ಬೇಕಾಗುವ ಪುಟಗಳನ್ನು ಡಿಮ್‌ನಲ್ಲಿ ಉಳಿಸಿಕೊಂಡು ಅಪರೂಪಕ್ಕೆ ಬೇಕಾಗುವವನ್ನು ಅಲ್ಲಿಗೆ ಸಾಗಿಸುವ ಕೆಲಸವನ್ನು ಕರ್ನೆಲ್ ನೋಡಿಕೊಳ್ಳುತ್ತದೆ.